ಹಕ್ಕಿಗಳು ದಕ್ಷಿಣಕ್ಕೆ ಹೊರಟಾಗ ನಾವು ಕಾರು ಹತ್ತುವುದು ಹೇಗೆ?

ವಲಸೆ ಹಕ್ಕಿ ನೋಡಲೆಂದೇ ನಾಲ್ಕು ದಿನ ಕಾರಿನಲ್ಲಿ ಸುತ್ತೋಣ ಅಂದುಕೊಂಡವರು ಮೊದಲು ಮಾಡುವ ಕೆಲಸ ನಕ್ಷೆ ತೆಗೆದು ಹತ್ತಾರು ಜಾಗಕ್ಕೆ ಗುರುತು ಹಾಕುವುದು. ನಾನೂ ಹಾಗೇ ಮಾಡಿದ್ದೆ. ಎರಡು ದಿನಕ್ಕೆ ಏಳು ಜಾಗ. ಒಂದು ಕಡೆಯೂ ನೆಮ್ಮದಿಯಾಗಿ ಕೂತು ನೋಡಲು ಆಗಲಿಲ್ಲ. ವಲಸೆಯ ಕಾಲದಲ್ಲಿ ಜಾಗಕ್ಕಿಂತ ದಿನ ಮುಖ್ಯ. ದಿನಕ್ಕಿಂತ ಗಾಳಿ ಮುಖ್ಯ. ಇದು ಗೊತ್ತಾದ ಮೇಲೆ ನನ್ನ ಪ್ರವಾಸದ ಲೆಕ್ಕವೇ ಬದಲಾಯಿತು.

ಯಾವ ಹಕ್ಕಿಗಾಗಿ ಹೊರಡುತ್ತೀರಿ?

ಮೊದಲು ಇದನ್ನು ತೀರ್ಮಾನ ಮಾಡಿ. ಎಲ್ಲ ಹಕ್ಕಿಗಳೂ ಒಟ್ಟಿಗೆ ಹೊರಡುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಕೆಸರು ಕೆದಕಿ ತಿನ್ನುವ ಗೊರವಗಳು ಜುಲೈನಲ್ಲೇ ದಾರಿ ಹಿಡಿಯುತ್ತವೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅವುಗಳದ್ದೇ ಸಂಭ್ರಮ. ಉಲಿಯಕ್ಕಿ, ನೊಣಹಿಡುಕದಂಥ ಪುಟ್ಟ ಹಕ್ಕಿಗಳಿಗೂ ಸೆಪ್ಟೆಂಬರ್ ಒಳ್ಳೆಯ ಸಮಯ. ಹದ್ದು, ಗಿಡುಗಗಳಿಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್. ಬಾತು, ಹೆಬ್ಬಾತುಗಳು ಕೊನೆಗೆ, ನೀರು ಹೆಪ್ಪುಗಟ್ಟುವ ಹೊತ್ತಿಗೆ ಕೆಳಗಿಳಿಯುತ್ತವೆ.

ಮೊದಲ ಸಲ ಹೋಗುವವರು ಹದ್ದುಗಳಿಂದ ಶುರು ಮಾಡಿದರೆ ಒಳ್ಳೆಯದು. ಅವು ಹಗಲಲ್ಲೇ ಹಾರುತ್ತವೆ. ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಮೇಲೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಜಾರುತ್ತಾ ಹೋಗುತ್ತವೆ. ಸಮುದ್ರದ ಮೇಲೆ ಇಂಥ ಬಿಸಿಗಾಳಿ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ನೀರನ್ನು ತಪ್ಪಿಸಿ, ನೆಲ ಕಿರಿದಾಗುವ ಕಡೆ ಗುಂಪಾಗಿ ಬರುತ್ತವೆ. ಕಪ್ಪು ಸಮುದ್ರಕ್ಕೂ ಬೆಟ್ಟಗಳಿಗೂ ನಡುವೆ ಇರುವ ಜಾರ್ಜಿಯಾದ ಬತುಮಿಯಲ್ಲಿ ಒಂದೇ ಋತುವಿನಲ್ಲಿ 10 ಲಕ್ಷಕ್ಕೂ ಹೆಚ್ಚು ಬೇಟೆ ಹಕ್ಕಿಗಳು ದಾಟುತ್ತವೆ. ಮೆಕ್ಸಿಕೋದ ವೆರಾಕ್ರೂಸ್‌ನಲ್ಲಿ ಇನ್ನೂ ಜಾಸ್ತಿ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಕ್ ಮೌಂಟನ್ ಅಂತ ಒಂದು ಬೆಟ್ಟವಿದೆ. ಹಾದುಹೋಗುವ ಗಿಡುಗಗಳನ್ನು ಅಲ್ಲಿ ಜನ ಸುಮ್ನೆ ಗುಂಡಿಟ್ಟು ಕೊಲ್ಲುತ್ತಿದ್ದರು. 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ಆ ಬೆಟ್ಟವನ್ನೇ ಗುತ್ತಿಗೆಗೆ ಪಡೆದು ಅದನ್ನು ನಿಲ್ಲಿಸಿದರು. ಇವತ್ತು ಅದೇ ಬಂಡೆಗಳ ಮೇಲೆ ಕೂತು ಜನ ಹಕ್ಕಿ ಎಣಿಸುತ್ತಾರೆ.

ಗಾಳಿ ನೋಡಿ ದಿನ ಗೊತ್ತುಮಾಡಿ

ದಕ್ಷಿಣಕ್ಕೆ ಹೋಗುವ ಹಕ್ಕಿಗೆ ಉತ್ತರದಿಂದ ಬೀಸುವ ಗಾಳಿ ಬೇಕು, ಅಲ್ವಾ? ಉತ್ತರದ ನಾಡುಗಳಲ್ಲಿ ಮಳೆ ನಿಂತು, ಆಕಾಶ ತಿಳಿಯಾಗಿ, ತಣ್ಣನೆ ಗಾಳಿ ಬೀಸತೊಡಗಿದರೆ ಹಕ್ಕಿಗಳು ಆ ರಾತ್ರಿಯೇ ಹೊರಡುತ್ತವೆ. ಹೌದು, ಪುಟ್ಟ ಹಕ್ಕಿಗಳಲ್ಲಿ ಬಹುಪಾಲು ಹಾರುವುದು ರಾತ್ರಿಯಲ್ಲೇ. ಮಾರನೇ ಬೆಳಿಗ್ಗೆ ನೀವು ಪೊದೆಗಳ ಪಕ್ಕ ಇರಬೇಕು. ಹಾರುತ್ತಿರುವಾಗಲೇ ಮಳೆ ಅಡ್ಡ ಬಂದರೆ ನೂರಾರು ಹಕ್ಕಿಗಳು ಒಮ್ಮೆಲೇ ಕೆಳಗಿಳಿಯುವುದೂ ಉಂಟು.

ಅದಕ್ಕೇ ಎಲ್ಲ ದಿನವೂ ರೂಮು ಬುಕ್ ಮಾಡಿಡಬೇಡಿ. ನಾಲ್ಕು ದಿನದಲ್ಲಿ ಒಂದು ದಿನ ಖಾಲಿ ಇರಲಿ. ಗಾಳಿ ತಿರುಗಿದರೆ ಅಲ್ಲೇ ನಿಲ್ಲಬಹುದು. ಯಾವ ಜಾಗದಲ್ಲಿ ಈಗ ಏನು ಕಾಣುತ್ತಿದೆ ಅಂತ, ಹಕ್ಕಿ ನೋಡುವವರು ತಾವು ಕಂಡಿದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಿಂದಿನ ರಾತ್ರಿ ನೋಡಿಕೊಳ್ಳಿ.

ದಿನಕ್ಕೆ ಎರಡೇ ಜಾಗ

ಬೆಳಗಿಗೆ ಒಂದು, ಸಂಜೆಗೆ ಒಂದು. ಅಷ್ಟು ಸಾಕು. ಹದ್ದುಗಳಿಗಾಗಿ ಕತ್ತಲಲ್ಲೇ ಎದ್ದು ಓಡಬೇಕಿಲ್ಲ. ನೆಲ ಕಾದ ಮೇಲೆ ಅವು ಏಳುತ್ತವೆ. ಕಡಲತೀರಕ್ಕೆ ಹೋಗುವುದಾದರೆ ಗಡಿಯಾರ ಬಿಟ್ಟು ಉಬ್ಬರದ ವೇಳೆ ನೋಡಿ. ಉಬ್ಬರಕ್ಕೆ ಎರಡು ಗಂಟೆ ಮುಂಚೆ ತಲುಪಿದರೆ, ನೀರು ಏರಿದಂತೆಲ್ಲ ಕೆಸರಿನ ಹಕ್ಕಿಗಳು ನಿಮ್ಮ ಕಡೆಗೇ ಸರಿಯುತ್ತಾ ಬರುತ್ತವೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೈನಾಕ್ಯುಲರ್ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿ.ಮೀ. ಅಗಲದ್ದು) ಇದ್ದರೆ ಧಾರಾಳ.

ಕಾರೇ ನಿಮ್ಮ ಮರೆ

ನಡೆದು ಬರುವ ಮನುಷ್ಯನನ್ನು ಕಂಡರೆ ಹಾರುವ ಹಕ್ಕಿ, ನಿಂತ ಕಾರನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿ. ಇಂಜಿನ್ ಆಫ್ ಮಾಡಿ, ಗಾಜು ಇಳಿಸಿ. ಬಾಗಿಲು ಮಾತ್ರ ತೆರೆಯಬೇಡಿ. ಒಂದು ಸಣ್ಣ ಚೀಲಕ್ಕೆ ಕಾಳು ತುಂಬಿ ಕಿಟಕಿಯ ಅಂಚಿನಲ್ಲಿಟ್ಟರೆ ಕ್ಯಾಮೆರಾ ಅಲುಗುವುದಿಲ್ಲ.

ಹೀಗೆ ಕೂತಿದ್ದಾಗ ಒಂದು ಪುಟ್ಟ ಗೊರವ ನನ್ನ ಕಿಟಕಿಯಿಂದ ನಾಲ್ಕು ಮಾರು ದೂರಕ್ಕೆ ಬಂದಿತ್ತು. ಕೊಕ್ಕನ್ನು ಕೆಸರಿಗೆ ಚುಚ್ಚುವುದು, ಎರಡು ಹೆಜ್ಜೆ ಓಡುವುದು, ಮತ್ತೆ ಚುಚ್ಚುವುದು. ಬೆನ್ನಿನ ಒಂದೊಂದು ಗರಿಗೂ ಬಿಳಿ ಅಂಚು, ಮೀನಿನ ಹುರುಪೆ ಜೋಡಿಸಿದ ಹಾಗೆ. ಗರಿ ಹೀಗೆ ಹೊಸದಾಗಿ, ಅಚ್ಚುಕಟ್ಟಾಗಿದ್ದರೆ ಅದು ಆ ವರ್ಷ ಹುಟ್ಟಿದ ಮರಿ. ದೊಡ್ಡವುಗಳ ಗರಿ ಆ ಹೊತ್ತಿಗೆ ಸವೆದು ಮಾಸಿರುತ್ತದೆ. ಎಷ್ಟೋ ಜಾತಿಯ ಗೊರವಗಳಲ್ಲಿ ದೊಡ್ಡವು ಮೊದಲೇ ಹೊರಟುಬಿಡುತ್ತವೆ. ಮರಿಗಳು ವಾರಗಟ್ಟಲೆ ತಡವಾಗಿ, ದಾರಿ ತೋರಿಸುವವರಿಲ್ಲದೆ ಬರುತ್ತವೆ. 2022ರಲ್ಲಿ ಸುಮಾರು ಐದು ತಿಂಗಳ ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ಗೊರವದ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪಕ್ಕೆ 11 ದಿನ ಎಲ್ಲೂ ಇಳಿಯದೆ 13,560 ಕಿ.ಮೀ. ಹಾರಿತು. ಕೂಳಿಲ್ಲ, ನೀರಿಲ್ಲ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ.

ಕೆಸರಿನಲ್ಲಿ ಹಕ್ಕಿ ತುಂಬಿಕೊಳ್ಳುತ್ತಿರುವುದು ಆ ಬುತ್ತಿಯನ್ನೇ. ಒಳ್ಳೆಯ ಫೋಟೊ ಸಿಗಲಿ ಅಂತ ಅದನ್ನು ಎಬ್ಬಿಸಬೇಡಿ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯಬೇಡಿ. ಹಕ್ಕಿ ತಿನ್ನುವುದು ಬಿಟ್ಟು ತಲೆ ಎತ್ತಿ ನಿಂತಿತು ಅಂದರೆ ನೀವು ತೀರಾ ಹತ್ತಿರವಿದ್ದೀರಿ. ಅಲುಗದೆ ಕೂತಿರಿ. ಅದು ಮತ್ತೆ ಕೆಸರಿಗೆ ಬಾಗಿ, ತಿನ್ನುತ್ತಾ ತಾನಾಗಿ ದೂರ ಸರಿದ ಮೇಲೆ ಇಂಜಿನ್ ಶುರು ಮಾಡಿ.