ನಾಳೆಯ ಮೂರು ಕೆಲಸ ಇವತ್ತು ರಾತ್ರಿಯೇ ಬರೆದಿಡಿ

ನನ್ನ ಅಕ್ಕನ ಮಗಳು ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದಾಳೆ. ಕಳೆದ ತಿಂಗಳು ಹೋದಾಗ ಒಂದು ತಾಸು ಅವಳ ಪಕ್ಕದಲ್ಲಿ ಸುಮ್ನೆ ಕೂತಿದ್ದೆ. ಎದುರಿಗೆ ಪುಸ್ತಕ, ಪಕ್ಕದಲ್ಲಿ ಬೋರಲು ಹಾಕಿದ ಮೊಬೈಲು. ಕೈ ಹನ್ನೊಂದು ಸಲ ಅದರ ಕಡೆ ಹೋಯಿತು. ತಿರುಗಿದ್ದು ನಾಲ್ಕೇ ಪುಟ. ‘ಮಾಮಾ, ದಿನಾ ಹತ್ತು ತಾಸು ಕುಂತಿರ್ತೀನಿ. ತಲಿಗೆ ಏನೂ ಹತ್ತವಲ್ದು’ ಅಂದಳು.

ಅದು ಅವಳ ಸೋಮಾರಿತನ ಅಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಿಂದೆಯೇ ಉಳಿಯುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲೇ ಇದನ್ನು ತೋರಿಸಿದ್ದಾರೆ.

ಮೊದಲು ರಾತ್ರಿಯ ಚೀಟಿಯಿಂದ ಶುರು ಮಾಡಿ. ತಲೆಯಲ್ಲಿರುವುದನ್ನೆಲ್ಲ ಬರೆಯಿರಿ. ಅವಳ ಚೀಟಿಯಲ್ಲಿ ಹದಿನಾಲ್ಕು ಕೆಲಸ ಬಂದವು. ಒಂದೊಂದಕ್ಕೂ ‘ಇದನ್ನು ನಾಳೆ ಮಾಡದಿದ್ದರೆ ಏನು ಕೆಡುತ್ತದೆ?’ ಅಂತ ಕೇಳಿದೆವು. ಎಂಟು ಕೆಲಸ ಬೇರೆಯವರ ಅವಸರದವು. ಗೆಳತಿಗೆ ನೋಟ್ಸ್ ಕಳಿಸುವುದು, ಸೀರೆಯ ಫೋಟೊ ನೋಡಿ ಹೇಳುವುದು, ಹೀಗೆ. ಮೂರು ಮಾತ್ರ ಉಳಿಸಿ, ಅದರಲ್ಲಿ ಒಂದಕ್ಕೆ ಸುತ್ತು ಹಾಕಿದೆವು.

ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ‘ಪಂಚಾಯತ್ ರಾಜ್ ಓದುವುದು’ ಅಂತ ಬರೆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯುವುದಿಲ್ಲ. ಕೈ ಮೊಬೈಲಿಗೆ ಹೋಗುವುದು ಆಗಲೇ. ‘ಸಂವಿಧಾನದ 73ನೇ ತಿದ್ದುಪಡಿ ಓದಿ 20 ಪ್ರಶ್ನೆ ಬಿಡಿಸುವುದು’ ಅಂತ ಬರೆಯಿರಿ. ಕೂತ ತಕ್ಷಣ ಶುರು ಮಾಡಬಹುದು, ಮುಗಿದದ್ದೂ ಗೊತ್ತಾಗುತ್ತದೆ.

ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸಿಗೆ ರಸ್ತೆಯ ಮಧ್ಯೆ ಅದರದ್ದೇ ದಾರಿ ಇದೆ, ಅಲ್ವಾ? ಬೆಳಗಿನ ಎರಡು ತಾಸನ್ನು ಸುತ್ತು ಹಾಕಿದ ಕೆಲಸಕ್ಕೆ ಹಾಗೆಯೇ ಬಿಟ್ಟುಕೊಡಿ. ಮೊಬೈಲು ಬೋರಲು ಹಾಕಿದರೆ ಸಾಲದು, ಎದ್ದು ಹೋಗಿ ತರಬೇಕಾದ ಕಡೆ ಇರಲಿ. ಊರಿಂದ ಫೋನ್ ಬಂದರೆ ಅನ್ನುವ ಅಂಜಿಕೆ ಇದ್ದೇ ಇರುತ್ತದೆ. ‘ಡು ನಾಟ್ ಡಿಸ್ಟರ್ಬ್’ ಹಾಕಿ, ಅವ್ವ-ಅಪ್ಪನ ಕರೆಗೆ ಮಾತ್ರ ಅನುಮತಿ ಕೊಡಿ. ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ.

ಎರಡು ತಾಸು ಒಮ್ಮೆಲೇ ಕೂರಲು ಆಗದಿದ್ದರೆ 25 ನಿಮಿಷ ಓದಿ, 5 ನಿಮಿಷ ಏಳಿ. ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ಕಂಡುಕೊಂಡ ಪದ್ಧತಿ ಇದು. ನಮಗೆ ಅಲಾರಂ ಗಡಿಯಾರ ಸಾಕು. ಆ ಐದು ನಿಮಿಷದಲ್ಲಿ ಮೊಬೈಲು ಬೇಡ. ನೀರು ಕುಡಿಯಿರಿ, ಮಾಳಿಗೆ ಮೇಲೆ ಒಂದು ಸುತ್ತು ಹಾಕಿ ಬನ್ನಿ. ಓದುವಾಗ ಬೇರೇನೋ ನೆನಪಾದರೆ ಚೀಟಿಯ ಹಿಂದೆ ಗೀಚಿ, ಮತ್ತೆ ಪುಟಕ್ಕೆ ಬನ್ನಿ.

ಒಂದೇ ಕೆಲಸ ಮೂರು ರಾತ್ರಿ ಚೀಟಿಯಿಂದ ಚೀಟಿಗೆ ದಾಟಿದರೆ ಅದನ್ನು ಒಡೆಯಿರಿ, ಇಲ್ಲವೇ ತೆಗೆದುಹಾಕಿ. ಅವಳ ‘ಆಧಾರ್ ತಿದ್ದುಪಡಿ’ ಹಾಗೆ ದಾಟುತ್ತಲೇ ಇತ್ತು. ನಾಲ್ಕನೆಯ ರಾತ್ರಿ ಅದನ್ನು ಹೊಡೆದುಹಾಕಿ ‘ಜನ್ಮ ದಾಖಲೆಯ ಝೆರಾಕ್ಸ್’ ಅಂತ ಬರೆದಳು. ಮರುದಿನ ಚಹಾಕ್ಕೆ ಹೋದಾಗ ಮಾಡಿಸಿಕೊಂಡು ಬಂದಳು.