ಎಂಎಸ್ ರೋಗಿಗಳ ಖಿನ್ನತೆಗೆ ಮನೆಯಲ್ಲೇ ಟಿಡಿಸಿಎಸ್: ನನ್ನ ಅನುಭವ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್, ಮಿದುಳು-ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ಇರುವವರ ಖಿನ್ನತೆಗೆ ಅವರವರ ಮನೆಯಲ್ಲೇ ಟಿಡಿಸಿಎಸ್ (ತಲೆಯ ಮೇಲಿಂದ ಮಿದುಳಿಗೆ ಸಣ್ಣ ವಿದ್ಯುತ್ ಹರಿಸುವ ಚಿಕಿತ್ಸೆ) ಕೊಡುತ್ತೇನೆಂದಾಗ ಕಲಬುರಗಿಯ ನನ್ನ ನರರೋಗತಜ್ಞ ಮಿತ್ರರು ನಂಬಿರಲಿಲ್ಲ. ಈಗ ಅವರೇ ರೋಗಿಗಳನ್ನು ಕಳುಹಿಸುತ್ತಿದ್ದಾರೆ.

ನಾನು ಮೊದಲು ಹಿಡಿದದ್ದು ಆರ್‌ಟಿಎಂಎಸ್ ದಾರಿ, ಅಂದರೆ ಕಾಂತೀಯ ಮಿಡಿತಗಳಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ. ಸೆಷನ್‌ಗೆ ಸುಮಾರು 1,500 ರೂಪಾಯಿ, ವಾರಕ್ಕೆ ಐದು ದಿನ. ಸೇಡಂ, ಚಿಂಚೋಳಿ ಕಡೆಯಿಂದ ಬರುವವರಿಗೆ ಕಾರಿನ ಬಾಡಿಗೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಹಣ ಹೇಗೋ ಹೊಂದಿಸಿಕೊಂಡವರನ್ನೂ ಬಿಸಿಲು ಬಿಡಲಿಲ್ಲ. ಮೈ ಕಾದರೆ ಈ ರೋಗಿಗಳ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮಧ್ಯಾಹ್ನದ ಸರದಿಗೆ ಬಂದವರು ಕುರ್ಚಿ ಏರುವ ಮೊದಲೇ ಹಣ್ಣಾಗಿರುತ್ತಿದ್ದರು. ಎರಡನೆಯ ವಾರದೊಳಗೆ ಹೆಚ್ಚಿನವರು ಬಿಟ್ಟರು. ನಡಿಗೆ ಸುಧಾರಿಸಲು ಫ್ಯಾಂಪ್ರಿಡಿನ್ ಮಾತ್ರೆ ಸೇವಿಸುವವರನ್ನು ಫಿಟ್ಸ್ ಭಯದಿಂದ ನಾನೇ ಸೇರಿಸಿಕೊಳ್ಳುತ್ತಿರಲಿಲ್ಲ. ಹೆಬ್ಬೆರಳು ಅಲುಗಲು ಬೇಕಾದ ಶಕ್ತಿಯನ್ನು ಅಳೆದು ಅದರಿಂದಲೇ ಆರ್‌ಟಿಎಂಎಸ್‌ನ ಪ್ರಮಾಣ ನಿಗದಿ ಮಾಡುತ್ತೇವೆ. ಬಲಗೈ ಸೋತವರ ಹೆಬ್ಬೆರಳು ಅಲುಗಬೇಕಾದರೆ ಯಂತ್ರವನ್ನು ಬಹುತೇಕ ತುದಿಯವರೆಗೆ ಏರಿಸಬೇಕಿತ್ತು. ಅದರ ಮೇಲೆ ಶೇಕಡಾ 120 ಲೆಕ್ಕ ಹಾಕಿ ಹಣೆಯ ಭಾಗಕ್ಕೆ ಕೊಡಲು ನನ್ನ ಮನಸ್ಸು ಒಪ್ಪಲಿಲ್ಲ.

ನ್ಯೂಯಾರ್ಕ್‌ನ ಎನ್‌ವೈಯು ಲ್ಯಾಂಗೋನ್‌ನಲ್ಲಿ ಲೀ ಚಾರ್ವೆಟ್ ಅವರ ತಂಡ ಎಂಎಸ್ ರೋಗಿಗಳಿಗಾಗಿಯೇ ರೂಪಿಸಿದ, ದೂರದಿಂದ ನಿಗಾ ವಹಿಸುವ ಮನೆಯ ಟಿಡಿಸಿಎಸ್ ಕ್ರಮವನ್ನು ಆಧಾರವಾಗಿಟ್ಟುಕೊಂಡು, ಎರಡು ಲಕ್ಷದ ಆಸುಪಾಸಿನಲ್ಲಿ ಎರಡು ಯಂತ್ರಗಳನ್ನು ಸ್ವಂತ ಹಣದಿಂದ ಕೊಂಡೆ. ಸಲೈನ್‌ನಲ್ಲಿ ನೆನೆಸಿದ ಸ್ಪಂಜಿನ ಎರಡು ವಿದ್ಯುದ್ವಾರಗಳು: ಆನೋಡ್ (ಧನ) ತಲೆಯ ಮುಂಭಾಗದ ಎಡಕ್ಕಿರುವ ಎಫ್3 ಬಿಂದುವಿನಲ್ಲಿ, ಕ್ಯಾಥೋಡ್ (ಋಣ) ಬಲಕ್ಕಿರುವ ಎಫ್4ರಲ್ಲಿ, 2 ಮಿಲಿಆಂಪಿಯರ್, 20 ನಿಮಿಷ. ಬೆಳಿಗ್ಗೆ ಏಳರೊಳಗೆ, ವಿಡಿಯೋ ಕರೆಯಲ್ಲಿ ನನ್ನ ಕಣ್ಣೆದುರೇ. ಮಾತ್ರೆಗಳು ಹಾಗೆಯೇ ಮುಂದುವರಿದವು. ಸಾಯುವ ಯೋಚನೆ ಬಲವಾಗಿರುವವರನ್ನು ಈ ಕ್ರಮಕ್ಕೆ ತೆಗೆದುಕೊಳ್ಳುವುದಿಲ್ಲ. ಅವರಿಗೆ ಆಸ್ಪತ್ರೆಯೇ ಸರಿ.

ಆರಂಭದ ತಿಂಗಳುಗಳಲ್ಲಿ ನಮ್ಮನ್ನು ಕಾಡಿದ್ದು ಕೊಬ್ಬರಿ ಎಣ್ಣೆ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಕೂದಲ ಮೇಲೆ ಸ್ಪಂಜು ಇಟ್ಟರೆ ಇಂಪೀಡೆನ್ಸ್ (ವಿದ್ಯುತ್ತಿಗೆ ತಡೆ) ಇಳಿಯುವುದೇ ಇಲ್ಲ, ಯಂತ್ರ ನಡುವೆಯೇ ನಿಂತುಬಿಡುತ್ತದೆ. ಒಬ್ಬ ತಾಯಿ ಸಲೈನ್ ಮುಗಿದಿದೆಯೆಂದು ಬೋರ್‌ವೆಲ್ ನೀರಿನಲ್ಲಿ ಸ್ಪಂಜು ಅದ್ದಿದ್ದರು. ಮಗಳ ಹಣೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಗಾಯವೆದ್ದು ವಾರಗಟ್ಟಲೆ ಉಳಿಯಿತು. ಆಮೇಲೆ ಪ್ರತಿ ಮನೆಗೂ ಔಷಧಿ ಅಂಗಡಿಯ 0.9 ಶೇಕಡಾ ಸಲೈನ್ ಬಾಟಲಿಗಳನ್ನು ನಾನೇ ಮುಂಗಡವಾಗಿ ಕೊಡುತ್ತೇನೆ. ಹಿಂದಿನ ರಾತ್ರಿ ತಲೆಸ್ನಾನ ಕಡ್ಡಾಯ. ದಟ್ಟ ಕೂದಲಿನಲ್ಲಿ ಸ್ಪಂಜು ಜಾರದಂತೆ ಪಟ್ಟಿ ಕಟ್ಟುವ ನನ್ನದೇ ವಿಧಾನವೊಂದಿದೆ. ಅದನ್ನು ಬರವಣಿಗೆಯಲ್ಲಿ ಹೇಳುವುದಿಲ್ಲ, ಬಂದವರಿಗೆ ಕೈಯಲ್ಲೇ ಕಲಿಸುತ್ತೇನೆ.

ಅಳತೆಗೆ ಪಿಎಚ್‌ಕ್ಯೂ-9 ಎಂಬ ಖಿನ್ನತೆಯ ಪ್ರಶ್ನಾವಳಿ ಒಂದನ್ನೇ ನೆಚ್ಚಬಾರದು. ಸುಸ್ತು, ನಿದ್ರೆ, ಏಕಾಗ್ರತೆಯ ಅಂಕಗಳು ಎಂಎಸ್‌ನಿಂದಲೇ ಏರುತ್ತವೆ. ನಾನು ಆತಂಕ-ಖಿನ್ನತೆ ಎರಡನ್ನೂ ಅಳೆಯುವ ಎಚ್‌ಎಡಿಎಸ್ ಪ್ರಶ್ನಾವಳಿಯ ಖಿನ್ನತೆಯ ಭಾಗವನ್ನು ನೋಡುತ್ತೇನೆ, ಸ್ಟೀರಾಯ್ಡ್ ಕೋರ್ಸ್ ನಡೆಯುವಾಗಿನ ಅಂಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆರು ವಾರ ಪೂರೈಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಅಂಕ ಸುಮಾರು ಅರ್ಧಕ್ಕೆ ಇಳಿದಿದೆ. ಶ್ಯಾಮ್ ಗುಂಪು (ಹೋಲಿಕೆಗಾಗಿ ಹುಸಿ ಚಿಕಿತ್ಸೆ ಪಡೆಯುವವರು) ಎಲ್ಲಿದೆಯೆಂದು ಕೇಳುವವರ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಮಾಡಿದ್ದು ಚಿಕಿತ್ಸೆ, ಮತ್ತು ಆರ್‌ಟಿಎಂಎಸ್‌ನಲ್ಲಿ ಎರಡು ವಾರ ದಾಟದ ರೋಗಿಗಳು ಇಲ್ಲಿ ಕೊನೆಯವರೆಗೆ ಉಳಿದರು.

ಸುಸ್ತಿಗೆಂದು ಆನೋಡನ್ನು ಮೋಟಾರ್ ಕಾರ್ಟೆಕ್ಸ್‌ (ಚಲನೆ ನಿಯಂತ್ರಿಸುವ ಮಿದುಳಿನ ಭಾಗ) ಮೇಲಿಟ್ಟು ಕೆಲವರಲ್ಲಿ ನೋಡಿದೆ, ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಸೆಷನ್‌ಗೆ ಮೊದಲು ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಸಿದ್ದು ಮಾತ್ರ ಬೇಸಿಗೆಯಲ್ಲಿ ಚೆನ್ನಾಗಿ ಒದಗಿತು. ಈಗ ಚೇತರಿಸಿಕೊಂಡವರಿಗೆ ವಾರಕ್ಕೊಮ್ಮೆ ಮುಂದುವರಿಸುತ್ತಿದ್ದೇನೆ. ಯಾದಗಿರಿ ಕಡೆಯ ರೋಗಿಗಳು ಸರದಿಯಲ್ಲಿರುವುದರಿಂದ ಮೂರನೆಯ ಯಂತ್ರಕ್ಕೆ ಹಣ ಕೂಡಿಸುತ್ತಿದ್ದೇನೆ.