ಕ್ರೀಮ್ ಬಿಟ್ಟರೆ ಮುಖ ಉರಿಯುತ್ತದೆಯೇ? ವೈದ್ಯರ ಬಳಿಗೆ ಹೋಗುವ ಮುನ್ನ ಟ್ಯೂಬುಗಳನ್ನೆಲ್ಲ ಒಟ್ಟುಮಾಡಿ

ಎರಡನೇ ಹೆರಿಗೆಯಾದ ಮೇಲೆ ನನ್ನ ಕೆನ್ನೆಗಳ ಮೇಲೆ ಬಂಗು ಮೂಡಿತು. ಔಷಧಿ ಅಂಗಡಿಯಲ್ಲಿ ವೈದ್ಯರ ಚೀಟಿ ಕೇಳದೆ ಸ್ಟೀರಾಯ್ಡ್ ಬೆರೆತ ಕ್ರೀಮಿನ 15 ಗ್ರಾಂ ಟ್ಯೂಬೊಂದನ್ನು ಕೊಟ್ಟರು. ಎರಡು ವಾರದಲ್ಲಿ ಮುಖ ತಿಳಿಯಾಯಿತು. ಶಾಲೆಯಲ್ಲಿ ಸಹೋದ್ಯೋಗಿಗಳು ಏನು ಹಚ್ಚುತ್ತೀರಿ ಎಂದು ಕೇಳಿದರು, ನಾನು ಹೆಸರು ಹೇಳಿದೆ. ಆರು ವರ್ಷ ಅದನ್ನು ಬಿಡಲಿಲ್ಲ. ಒಮ್ಮೆ ಅಂಗಡಿಯಲ್ಲಿ ದಾಸ್ತಾನು ಮುಗಿದು ಐದು ದಿನ ಹಚ್ಚಲಾಗಲಿಲ್ಲ. ಆರನೆಯ ದಿನ ಬೆಳಿಗ್ಗೆ ಕನ್ನಡಿಯಲ್ಲಿ ಕಂಡ ಮುಖ ಸುಟ್ಟಂತೆ ಕೆಂಪಾಗಿತ್ತು. ತುರಿಕೆಗಿಂತ ಉರಿ ಹೆಚ್ಚು. ತಣ್ಣೀರು ತಾಗಿದರೂ ಉರಿ. ಹೊಸ ಟ್ಯೂಬ್ ತಂದು ಹಚ್ಚಿದ ಮರುದಿನವೇ ಎಲ್ಲವೂ ತಣ್ಣಗಾಯಿತು. ಗುಣವಾಯಿತು ಎಂದುಕೊಂಡೆ.

ಅದು ಗುಣವಾಗಿರಲಿಲ್ಲ ಎಂದು ತಿಳಿಯಲು ಮೂವರು ವೈದ್ಯರನ್ನು ಕಾಣಬೇಕಾಯಿತು. ಮೊದಲನೆಯವರು ಅಲರ್ಜಿ ಎಂದರು, ಎರಡನೆಯವರು ರೊಸೇಷಿಯ, ಅಂದರೆ ಮುಖ ಕೆಂಪೇರುವ ಒಂದು ಚರ್ಮರೋಗ ಎಂದರು. ಅವರನ್ನು ನಾನು ದೂರುವುದಿಲ್ಲ. ಅವರ ಮುಂದೆ ಕುಳಿತಾಗಲೆಲ್ಲ ನನ್ನ ಮುಖದ ಮೇಲೆ ಹಿಂದಿನ ರಾತ್ರಿಯ ಕ್ರೀಮ್ ಇತ್ತು, ಕೈಚೀಲದಲ್ಲಿ ತುರಿಕೆಯ ಮಾತ್ರೆ ಇತ್ತು, ಬಾಯಲ್ಲಿ ಮಾತ್ರ ಎರಡರ ಸುದ್ದಿಯೂ ಇರಲಿಲ್ಲ. ಮೂರನೆಯವರು ಕೇಳಿದ ಮೊದಲ ಪ್ರಶ್ನೆಯೇ, "ಮುಖಕ್ಕೆ ಇದುವರೆಗೆ ಹಚ್ಚಿದ್ದನ್ನೆಲ್ಲ ತಂದಿದ್ದೀರಾ?" ಎಂಬುದು. ಆ ಪ್ರಶ್ನೆಗೆ ಸಿದ್ಧರಾಗಿ ಹೋಗುವುದು ಹೇಗೆ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ಔಷಧ ಏನು ಮಾಡುತ್ತದೆ ಎಂಬುದು ತಿಳಿದಿರಲಿ. ಸ್ಟೀರಾಯ್ಡ್ ಕ್ರೀಮ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ದೇಹದ ರಕ್ಷಣಾ ಕ್ರಿಯೆಯನ್ನು ಆ ಜಾಗದಲ್ಲಿ ತಗ್ಗಿಸುತ್ತದೆ. ಹಾಗಾಗಿ ಕೆಂಪು, ಊತ, ತುರಿಕೆ ಮೂರೂ ಇಳಿಯುತ್ತವೆ. 1962ರಿಂದ ಇಂಥ ಔಷಧಗಳ ಬಲವನ್ನು ಅಳೆಯುವ ಒಂದು ಮುಖ್ಯ ಪರೀಕ್ಷೆಯಲ್ಲಿ ನೋಡುವುದು ಅದು ಚರ್ಮವನ್ನು ಎಷ್ಟು ಬಿಳಿಚಿಸುತ್ತದೆ ಎಂಬುದನ್ನೇ. ಇದನ್ನು ಕೇಳಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸಹೋದ್ಯೋಗಿಗಳು ಹೊಗಳಿದ ಹೊಳಪಿನಲ್ಲಿ ಇದರ ಪಾಲು ಎಷ್ಟಿತ್ತೋ ಎನಿಸಿತು.

ಸರಿಯಾದ ರೋಗಕ್ಕೆ, ಸರಿಯಾದ ಬಲದಲ್ಲಿ, ಹೇಳಿದಷ್ಟು ದಿನ ಹಚ್ಚಿದರೆ ಸ್ಟೀರಾಯ್ಡ್ ಒಳ್ಳೆಯ ಔಷಧ. ಇಸುಬಿನಿಂದ ರಾತ್ರಿಯಿಡೀ ಕೆರೆದುಕೊಳ್ಳುವ ಮಗುವಿಗೆ ನಿದ್ದೆ ಕೊಡುವುದು ಅದೇ. ಹೆದರಿ ಅದನ್ನು ಮುಟ್ಟದೆ ಮಗುವನ್ನು ನರಳಿಸುವುದನ್ನೂ ನಾನು ಕಂಡಿದ್ದೇನೆ, ಅದೂ ತಪ್ಪೇ.

ಕ್ರೀಮ್ ಬಿಟ್ಟಾಗ ಮುಖ ಉರಿಯುವ ನನ್ನ ಕಾಯಿಲೆಯ ಹೆಸರಿನ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. 1979ರಲ್ಲಿಯೇ ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್ ಮತ್ತು ಅವರ ಜೊತೆಗಾರರು ಇದನ್ನು ಸ್ಟೀರಾಯ್ಡ್ ಚಟ ಎಂದು ಕರೆದರು. ನಮ್ಮ ದೇಶದ ಚರ್ಮವೈದ್ಯರು ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂಬ ಅರ್ಥದ ಹೆಸರನ್ನೇ ಕೊಟ್ಟಿದ್ದಾರೆ. ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ, ಕ್ರೀಮ್ ಬಿಟ್ಟ ನಂತರ ಇಂಥ ಪ್ರತಿಕ್ರಿಯೆ ಬರಬಹುದೆಂದು ಎಚ್ಚರಿಸಿತು. ಇಷ್ಟಾದರೂ, ಇದು ಬೇರೆಯೇ ರೋಗವೋ, ಮೊದಲಿದ್ದ ರೋಗ ಮರಳಿ ಉಲ್ಬಣಿಸಿದ್ದೋ ಎಂಬ ವಾದ ಮುಗಿದಿಲ್ಲ. ರೋಗಿಗೆ ಈ ವಾದ ದೂರದ್ದಲ್ಲ. ಮೊದಲಿನ ರೋಗವೇ ಎಂದಾದರೆ ಇನ್ನಷ್ಟು ಸ್ಟೀರಾಯ್ಡ್ ಬರೆಯುತ್ತಾರೆ, ಚಟ ಎಂದಾದರೆ ಬಿಡಿಸುತ್ತಾರೆ. ಆದ್ದರಿಂದಲೇ ವೈದ್ಯರ ಮುಂದೆ ಮುಚ್ಚುಮರೆಯಿಲ್ಲದ ಚರ್ಮ, ಮುಚ್ಚುಮರೆಯಿಲ್ಲದ ಲೆಕ್ಕ ಎರಡೂ ಬೇಕು.

ಈಗ ಕೆಲಸಕ್ಕೆ ಬರೋಣ. ಒಂದು ಬಟ್ಟೆಯ ಚೀಲ ತೆಗೆದುಕೊಂಡು ಸ್ನಾನದ ಮನೆ, ಕನ್ನಡಿಯ ಹಿಂದಿನ ಗೂಡು, ಪ್ರಯಾಣದ ಚೀಲ, ದಿಂಬಿನ ಕೆಳಗೆ, ಎಲ್ಲ ಕಡೆ ಹುಡುಕಿ. ಖಾಲಿ ಟ್ಯೂಬೂ ಬೇಕು, ಹರಿದ ಡಬ್ಬವೂ ಬೇಕು. ಟ್ಯೂಬಿನ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು ಸಣ್ಣ ಅಕ್ಷರಗಳನ್ನು ಓದಿ. ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸೋಲ್, ಫ್ಲುಯೊಸಿನೊಲೋನ್, ಇವೆಲ್ಲ ಸ್ಟೀರಾಯ್ಡುಗಳು. ಇವುಗಳಲ್ಲಿ ಕ್ಲೊಬೆಟಾಸೋಲ್ ಅತ್ಯಂತ ಬಲಶಾಲಿ ಗುಂಪಿನದು. ನನ್ನ ಟ್ಯೂಬಿನಲ್ಲಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಮೂರೂ ಇದ್ದವು. ಬಂಗಿಗೆ ಈ ಮಿಶ್ರಣವನ್ನು ಕೆಲವು ವಾರಗಳ ಮಟ್ಟಿಗೆ, ವೈದ್ಯರ ಕಣ್ಣಳತೆಯಲ್ಲಿ ಬಳಸುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡುಗಳಲ್ಲಿ 14ನ್ನು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ನಿಮಗೆ ಚೀಟಿಯಿಲ್ಲದೆ ಸಿಕ್ಕಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ನಾಚಿಕೆ ಬೇಡ. ನಮ್ಮ ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಯಿದ್ದ 2926 ಜನರನ್ನು ನೋಡಿದ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರಲ್ಲಿ 433 ಜನ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಈ ಸಂಖ್ಯೆ ಓದಿದಾಗ ನನ್ನ ಒಂಟಿತನ ಸ್ವಲ್ಪ ಕಡಿಮೆಯಾಯಿತು.

ಆಮೇಲೆ ಲೆಕ್ಕ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕಾಗುವಷ್ಟು. ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಟ್ಯೂಬ್, ಎಷ್ಟು ವರ್ಷ ಎಂದು ಬರೆಯಿರಿ. ನನ್ನದು ತಿಂಗಳಿಗೆ ಒಂದು ಟ್ಯೂಬ್, ಆರು ವರ್ಷಕ್ಕೆ 72 ಟ್ಯೂಬ್, ಒಟ್ಟು 1080 ಗ್ರಾಂ. ಒಂದು ಕಿಲೋಗಿಂತ ಹೆಚ್ಚು. ಸಕ್ಕರೆಯ ಪೊಟ್ಟಣ ಎತ್ತುವಾಗಲೆಲ್ಲ ಈಗಲೂ ನನಗೆ ಅದು ನೆನಪಾಗುತ್ತದೆ.

ರೋಗವನ್ನು ಮುಚ್ಚಿಡುವ ಔಷಧಗಳು ಟ್ಯೂಬಿನಲ್ಲಿ ಮಾತ್ರ ಇರುವುದಿಲ್ಲ. ಸೆಟ್ರಿಜಿನ್, ಹೈಡ್ರಾಕ್ಸಿಜಿನ್‌ನಂಥ ಮಾತ್ರೆಗಳು ತುರಿಕೆಯನ್ನು ತಗ್ಗಿಸಬಲ್ಲವು, ಅದರ ಹಿಂದಿನ ಹುಳುಕಡ್ಡಿಯನ್ನಾಗಲಿ ಕಜ್ಜಿಯನ್ನಾಗಲಿ ಮುಟ್ಟುವುದಿಲ್ಲ. ಅಲರ್ಜಿಗೆಂದು ಚುಚ್ಚಿದ ಸೂಜಿಯಲ್ಲಿ ವಾರಗಟ್ಟಲೆ ಕೆಲಸ ಮಾಡುವ ಸ್ಟೀರಾಯ್ಡ್ ಇರಬಹುದು. ಚುಚ್ಚಿಸಿಕೊಂಡ ದಿನಾಂಕ, ಔಷಧದ ಹೆಸರು ಕೇಳಿ ಬರೆದುಕೊಳ್ಳಿ. ಗಿಡಮೂಲಿಕೆ ಎಂದು ಮಾರುವ, ಒಳಗೇನಿದೆ ಎಂದು ಬರೆಯದ ಡಬ್ಬಿಗಳನ್ನೂ ಚೀಲಕ್ಕೆ ಹಾಕಿ.

ನನ್ನ ಮಗನ ಕಥೆಯನ್ನು ಇಲ್ಲಿ ಹೇಳಲೇಬೇಕು. ಸೊಂಟದ ಸುತ್ತ ಹುಳುಕಡ್ಡಿಯಾಗಿ ತಾನೇ ಒಂದು ಟ್ಯೂಬ್ ತಂದಿದ್ದ. ಕ್ಲೊಬೆಟಾಸೋಲ್, ಆಫ್ಲಾಕ್ಸಾಸಿನ್, ಆರ್ನಿಡಜೋಲ್, ಟರ್ಬಿನಾಫಿನ್ ನಾಲ್ಕೂ ಒಂದರಲ್ಲೇ. ಮೂರು ದಿನದಲ್ಲಿ ತುರಿಕೆ ನಿಂತಿತು, ಹುಡುಗ ಸಂತೋಷದಿಂದ ಕ್ರಿಕೆಟ್ಟಿಗೆ ಹೋದ. ಹುಳುಕಡ್ಡಿ ತರುವ ಶಿಲೀಂಧ್ರ ಮಾತ್ರ ಅಲ್ಲೇ ಇತ್ತು. ಚರ್ಮದ ಕಾವಲು ತಗ್ಗಿದ್ದರಿಂದ ಅದು ಇನ್ನಷ್ಟು ಹರಡಿತು. ತಿಂಗಳ ನಂತರ ಬಿಲ್ಲೆಯಂಥ ಸ್ಪಷ್ಟ ಅಂಚು ಅಳಿಸಿಹೋಗಿ, ಉಂಗುರದೊಳಗೆ ಉಂಗುರವೆದ್ದು, ತೊಡೆಯವರೆಗೆ ಇಳಿದಿತ್ತು. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಗೆ ವೈದ್ಯರು 1968ರಲ್ಲೇ ಬೇರೆ ಹೆಸರಿಟ್ಟಿದ್ದಾರೆ. ಅದನ್ನು ಹಿಡಿಯುವ ಪರೀಕ್ಷೆ ಸರಳ: ಅಂಚಿನ ಹೊಟ್ಟನ್ನು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಆದರೆ ಶಿಲೀಂಧ್ರ ಕೊಲ್ಲುವ ಕ್ರೀಮ್ ಹಚ್ಚಿಕೊಂಡೇ ಹೋದರೆ ಇದ್ದದ್ದೂ ಕಾಣದಿರಬಹುದು. ಆದ್ದರಿಂದ ಭೇಟಿಯ ಸಮಯ ಗೊತ್ತುಮಾಡುವಾಗಲೇ ಫೋನಿನಲ್ಲಿ ಕೇಳಿ: ಪರೀಕ್ಷೆಗೆ ಎಷ್ಟು ದಿನ ಮುಂಚೆ ಯಾವುದನ್ನು ನಿಲ್ಲಿಸಬೇಕು? ಅಲರ್ಜಿಗಾಗಿ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಗೆ ತುರಿಕೆಯ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ. ಬೆನ್ನಿಗೆ ಪಟ್ಟಿ ಅಂಟಿಸಿ ನೋಡುವ ಪರೀಕ್ಷೆಯಿದ್ದರೆ ಆ ಜಾಗಕ್ಕೆ ಸ್ಟೀರಾಯ್ಡ್ ತಾಗಿರಬಾರದು.

ಇಲ್ಲಿ ಒಂದು ಮಾತನ್ನು ಕೈಹಿಡಿದು ಹೇಳುತ್ತೇನೆ. ಸ್ಟೀರಾಯ್ಡ್ ಮಾತ್ರೆಯನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಬಹಳ ದಿನ ನುಂಗಿದ್ದರೆ, ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರಬಹುದು, ಒಮ್ಮೆಲೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಬಲವಾದ ಕ್ರೀಮನ್ನು ಮೈಯ ಹೆಚ್ಚು ಭಾಗಕ್ಕೆ ವರ್ಷಗಟ್ಟಲೆ ಹಚ್ಚಿದವರಿಗೂ ಈ ಎಚ್ಚರ ಬೇಕು. ಮುಖದ ಕ್ರೀಮನ್ನು ಒಮ್ಮೆಲೆ ಬಿಡಬೇಕೋ ಮೆಲ್ಲಗೆ ಬಿಡಬೇಕೋ ಎಂಬುದರಲ್ಲಿ ವೈದ್ಯರ ಪದ್ಧತಿಗಳು ಬೇರೆ ಬೇರೆ. ನನಗೆ ಮೊದಲು ಕಡಿಮೆ ಬಲದ ಕ್ರೀಮ್, ನಂತರ ದಿನ ಬಿಟ್ಟು ದಿನ, ನಂತರ ವಾರಕ್ಕೆರಡು ಸಲ ಎಂದು ಇಳಿಸಿದರು, ಜೊತೆಗೆ ಟ್ಯಾಕ್ರೊಲಿಮಸ್ ಎಂಬ, ಸ್ಟೀರಾಯ್ಡ್ ಅಲ್ಲದ ಮುಲಾಮು ಕೊಟ್ಟರು. ಅದು ಮೊದಲ ದಿನಗಳಲ್ಲಿ ಉರಿಯುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ನಾನು ಹೆದರಲಿಲ್ಲ.

ಬಿಡುವ ಕಾಲದಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅದೇ ಕಿಟಕಿಯ ಬೆಳಕಿನಲ್ಲಿ, ಏನೂ ಹಚ್ಚದೆ ಒಂದು ಫೋಟೋ ತೆಗೆಯಿರಿ. ಉರಿಯೋ ತುರಿಕೆಯೋ, ಕೆಂಪು ಮೊದಲು ಹಚ್ಚಿದ ಜಾಗ ದಾಟಿ ಹರಡಿದೆಯೋ, ನಿದ್ದೆ ಬಂತೋ ಎಂದು ಎರಡು ಸಾಲು ಬರೆಯಿರಿ. ವೈದ್ಯರ ಆ ವಾದದಲ್ಲಿ ನಿಮ್ಮ ಚರ್ಮ ಯಾವ ಕಡೆಗಿದೆ ಎಂದು ತೂಗಲು ಈ ಎರಡು ಸಾಲು ಸಹಾಯ ಮಾಡುತ್ತವೆ. ನನ್ನ ಮೂರನೆಯ ವಾರ ಎಲ್ಲಕ್ಕಿಂತ ಕೆಟ್ಟದಾಗಿತ್ತು, ಹದಿನಾಲ್ಕನೆಯ ವಾರದ ಚಿತ್ರದಲ್ಲಿ ಮೊದಲ ಬಾರಿಗೆ ನನ್ನದೇ ಮೈಬಣ್ಣ ಕಂಡಿತು. ಬಂಗು ಇನ್ನೂ ಇದೆ, ಇರಲಿ. ಲಿಂಬೆರಸ, ಪಾರ್ಲರಿನ ಹಬೆ ಯಾವುದೂ ಬೇಡ. ವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ, ಬಿಸಿಲಿಗೆ ಛತ್ರಿ, ವೈದ್ಯರು ಹೇಳಿದ ಸನ್‌ಸ್ಕ್ರೀನ್ ಸಾಕು. ಜ್ವರ, ಕೀವು, ಕಣ್ಣಿನ ನೋವು ಅಥವಾ ದೃಷ್ಟಿ ಮಂಜಾಗುವುದು, ವಾಂತಿ, ತಲೆ ಸುತ್ತಿ ಬೀಳುವಂಥ ಸುಸ್ತು ಕಂಡರೆ ಮುಂದಿನ ಭೇಟಿಯವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಚೀಲದ ಟ್ಯೂಬುಗಳನ್ನು ವೈದ್ಯರು ನೋಡಿಯಾದ ಮೇಲೆ ಯಾರಿಗೂ ಕೊಡಬೇಡಿ, ಕೇಳಿದರೂ ಹೆಸರು ಹೇಳಬೇಡಿ. ಆರು ವರ್ಷದಲ್ಲಿ ನಾನು ನಾಲ್ವರಿಗೆ ಹೇಳಿದ್ದೆ. ಮೂವರ ಮನೆಗೆ ಹೋಗಿ ನನ್ನ ಮೂರನೆಯ ವಾರದ ಫೋಟೋ ತೋರಿಸಿ ಬಂದಿದ್ದೇನೆ. ಅವರಲ್ಲಿ ಒಬ್ಬರು ಆಗಲೇ ಎರಡನೇ ವರ್ಷದ ಟ್ಯೂಬಿನಲ್ಲಿದ್ದರು, ಈಗ ನನ್ನ ವೈದ್ಯರ ಬಳಿಗೇ ಬರುತ್ತಿದ್ದಾರೆ. ನಾಲ್ಕನೆಯವರು ವರ್ಗವಾಗಿ ಹಾಸನಕ್ಕೆ ಹೋಗಿದ್ದಾರೆ, ಅವರ ಹೊಸ ಫೋನ್ ನಂಬರ್ ನಿನ್ನೆಯಷ್ಟೇ ಸಿಕ್ಕಿತು.